ಹಳೇ ಸಿಲ್ವರಾಡೊ ಹೈಬ್ರಿಡ್: ಮೂರರಲ್ಲಿ ಸೊರಗಿದ ಬ್ಯಾಟರಿ ಯಾವುದು?

ಅಮೆರಿಕದಲ್ಲಿ 2004–07ರ ಷೆವರ್ಲೆ ಸಿಲ್ವರಾಡೊ ಹೈಬ್ರಿಡ್ ಪಿಕಪ್ ಟ್ರಕ್ ಓಡಿಸುವವರೇ, ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗುವುದು ನಿಂತಿದ್ದರೆ ಹಿಂದಿನ ಸೀಟಿನಡಿ ನೋಡಿ. ಅಲ್ಲಿ ಸಾಲಾಗಿ ಸೀರೀಸ್‌ನಲ್ಲಿ ಜೋಡಿಸಿದ ಮೂರು 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಗಳಿವೆ. ಚಾರ್ಜ್ ಆಗುವುದು ಸುಮಾರು 42 ವೋಲ್ಟ್‌ನಲ್ಲಿ. ಒಂದು ಸೊರಗಿದರೆ ಉಳಿದೆರಡರ ಮೇಲೆ ವೋಲ್ಟೇಜ್ ಹೆಚ್ಚಾಗಿ ಅವೂ ಒಳಗೊಳಗೇ ಒಣಗುತ್ತವೆ.

ಕೀ ತೆಗೆದು, ಪ್ಯಾಕಿನ ಸಂಪರ್ಕ ತಪ್ಪಿಸಿ, ಉಂಗುರ, ವಾಚು ಬಿಚ್ಚಿಡಿ. ದಯವಿಟ್ಟು ಇದನ್ನು ಮರೆಯಬೇಡಿ, ಸ್ಪ್ಯಾನರ್ ಎರಡು ಟರ್ಮಿನಲ್‌ಗೆ ತಾಗಿದರೂ ಕಿಡಿ ಹಾರುತ್ತದೆ. ಒಂದು ರಾತ್ರಿ ಬಿಟ್ಟು, ಒಂದೊಂದನ್ನೂ ಬೇರೆಯಾಗಿ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಚಾರ್ಜ್ ತುಂಬಿದ್ದು 12.8ರ ಹತ್ತಿರ ಇರುತ್ತದೆ. ಒಂದು ಮಾತ್ರ 12.3ಕ್ಕೆ ಇಳಿದಿದ್ದರೆ ಅದನ್ನಷ್ಟೇ ಎಜಿಎಂ (ಆಸಿಡ್ ಹೀರಿಕೊಂಡ ಗಾಜಿನ ನಾರಿನ ಹಾಸಿರುವ ಮುಚ್ಚಿದ ಬ್ಯಾಟರಿ) ಚಾರ್ಜರ್‌ಗೆ ಹಾಕಿ, ಆಮೇಲೆ ಲೋಡ್ ಟೆಸ್ಟ್ (ಕರೆಂಟ್ ಎಳೆದಾಗ ವೋಲ್ಟೇಜ್ ನಿಲ್ಲುತ್ತದೆಯೇ ಎಂಬ ಪರೀಕ್ಷೆ) ಮಾಡಿಸಿ. ಫೇಲಾದರೆ ಮೂರನ್ನೂ ಒಟ್ಟಿಗೇ ಬದಲಿಸಿ. ಹೊಸದೊಂದನ್ನು ಹಳೆಯವೆರಡರ ಜೊತೆ ಸೇರಿಸಿದರೆ ಅದೂ ಬೇಗ ಕೆಡುತ್ತದೆ.