ಜಪಾನಿ ಪದಕ್ಕೆ ಇಂಗ್ಲಿಷ್ ಅರ್ಥ ಸಾಕಾ?

ಜಪಾನಿಗೆ ಬಂದವರ ಫೋನಿನಲ್ಲಿ ಮೊದಲ ವಾರವೇ ಜಿಶೋ ಅಥವಾ ತಾಕೊಬೊತೊ ಅನ್ನುವ ಜಪಾನಿ-ಇಂಗ್ಲಿಷ್ ನಿಘಂಟು ಬಂದು ಕೂರುತ್ತದೆ. ಕೂರಲಿ, ಒಳ್ಳೆಯದೇ. ಕನ್ನಡದಿಂದ ನೇರವಾಗಿ ಜಪಾನಿ ಕಲಿಸುವ ಪುಸ್ತಕ, ಆ್ಯಪ್ ಸಿಗುವುದು ಅಪರೂಪ. ಹಾಗಾಗಿ ಇಂಗ್ಲಿಷ್ ಅರ್ಥ ಹಿಡಿದೇ ಹೊರಡಬೇಕು. ಆದರೆ ಒಂದರಲ್ಲಿ ಸಿಕ್ಕ ಅರ್ಥ ಸರಿ ಅನ್ನಿಸಲಿಲ್ಲ ಅಂತ ಇನ್ನೊಂದರಲ್ಲಿ ಹುಡುಕಿದರೆ ಜಾಸ್ತಿ ಉಪಯೋಗವಿಲ್ಲ. ಎರಡರ ಒಳಗೂ ಇರುವುದು ಜೆಎಂಡಿಕ್ಟ್ ನಿಘಂಟೇ. ಆಸ್ಟ್ರೇಲಿಯಾದ ಜಿಮ್ ಬ್ರೀನ್ 1991ರಲ್ಲಿ ಶುರು ಮಾಡಿದ ಕೆಲಸ ಬೆಳೆದು ಆದದ್ದು ಅದು.

ನಾಮಪದಗಳಿಗೆ ಇಂಗ್ಲಿಷ್ ಧಾರಾಳವಾಗಿ ಸಾಕು. ಹೊಕೆನ್ ಅಂದರೆ ಇನ್ಶೂರೆನ್ಸ್, ಯಾಚಿನ್ ಅಂದರೆ ಬಾಡಿಗೆ, ಕುಯಾಕುಶೋ ಅಂದರೆ ವಾರ್ಡ್ ಆಫೀಸು. ಆಂಕಿ ಅನ್ನುವ ಫ್ಲ್ಯಾಶ್‌ಕಾರ್ಡ್ ಆ್ಯಪಿನಲ್ಲಿ ಕಾರ್ಡ್ ಮಾಡಿ, ಉರು ಹೊಡೆಯಿರಿ, ಮುಗಿಯಿತು. ತೊಡಕು ಬರುವುದು ಕ್ರಿಯಾಪದಗಳಲ್ಲಿ.

‘ವೇರ್’ ಅಂತ ಹುಡುಕಿ ನೋಡಿ. ಕಿರು, ಹಕು, ಕಬುರು, ಕಕೆರು ಎಲ್ಲ ಸಾಲಾಗಿ ಬರುತ್ತವೆ. ಇಂಗ್ಲಿಷಿನಲ್ಲೇ ಯೋಚಿಸುವವರಿಗೆ ಇದು ತಲೆನೋವು. ನಮಗೇನು? ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಅಲ್ವಾ? ಇಲ್ಲೂ ಹಾಗೇ. ಅಂಗಿಗೆ ಕಿರು, ಪ್ಯಾಂಟು ಶೂಗಳಿಗೆ ಹಕು, ಟೋಪಿಗೆ ಕಬುರು, ಕನ್ನಡಕಕ್ಕೆ ಕಕೆರು. (ಹಕು ನಮ್ಮ ‘ಹಾಕು’ ಥರ ಕೇಳಿಸುವುದು ಸುಮ್ನೆ ಕಾಕತಾಳೀಯ. ಅದರ ಮೇಲೆ ಸಿದ್ಧಾಂತ ಕಟ್ಟಬೇಡಿ.) ‘ಕೋಲ್ಡ್’ ಕೂಡ ಎರಡು: ಸಮುಯಿ ಅಂದರೆ ಚಳಿ, ತ್ಸುಮೆತಾಯಿ ಅಂದರೆ ಮುಟ್ಟಿದರೆ ತಣ್ಣಗಿರುವುದು.

ಅದಕ್ಕೇ ಕಾರ್ಡಿನ ಹಿಂಬದಿಯಲ್ಲಿ ಇಂಗ್ಲಿಷ್ ಅರ್ಥದ ಕೆಳಗೆ ಕನ್ನಡದ ಒಂದು ಸಣ್ಣ ವಾಕ್ಯ ಬರೆದುಕೊಳ್ಳಿ. ಜೋಡಿ ಕ್ರಿಯಾಪದಗಳಿಗಂತೂ ಇದು ಬೇಕೇ ಬೇಕು. ತಬೆತೆ ಮಿರು: ತಿಂದು ನೋಡು. ಕತ್ತೆ ಒಕು: ಕೊಂಡಿಡು. ವಸುರೆತೆ ಶಿಮತ್ತ: ಮರೆತುಬಿಟ್ಟೆ. ಇಂಗ್ಲಿಷ್ ಪಠ್ಯಪುಸ್ತಕ ಪುಟಗಟ್ಟಲೆ ವಿವರಿಸುವುದು ನಮ್ಮ ಬಾಯಲ್ಲಿ ಆಗಲೇ ಇದೆ.

ಹಾಗಂತ ಕನ್ನಡವೂ ಎಲ್ಲ ಕಡೆ ಕೈಹಿಡಿಯುವುದಿಲ್ಲ. ಅಗೆರು, ಕುರೆರು ಎರಡಕ್ಕೂ ನಮ್ಮಲ್ಲಿ ‘ಕೊಡು’ ಒಂದೇ. ನಾನು ಇನ್ನೊಬ್ಬರಿಗೆ ಕೊಟ್ಟರೆ ಅಗೆರು, ಬೇರೆಯವರು ನನಗೆ ಕೊಟ್ಟರೆ ಕುರೆರು. ಇಂಥ ಕಡೆ ಕಾರ್ಡಿನಲ್ಲಿ ಯಾರಿಂದ ಯಾರಿಗೆ ಅಂತ ಒಂದು ಬಾಣ ಎಳೆದುಬಿಡಿ.

ದೈಜೋಬು ಅನ್ನುವ ಪದಕ್ಕೆ ನಿಘಂಟು ‘ಓಕೆ’ ಅನ್ನುತ್ತದೆ. ಕೊನ್ಬಿನಿಯಲ್ಲಿ (ದಿನಬಳಕೆ ಸಾಮಾನಿನ ಸಣ್ಣ ಅಂಗಡಿ) ಚೀಲ ಬೇಕಾ ಅಂತ ಕೇಳಿದಾಗ, ಬೇಕು ಅನ್ನುವ ಅರ್ಥದಲ್ಲಿ ‘ದೈಜೋಬು ದೆಸು’ ಅಂದರೆ ಚೀಲ ಸಿಗುವುದಿಲ್ಲ. ಬಡಿಸುವವರಿಗೆ ನಾವು ‘ಇರ್ಲಿ ಬಿಡಿ’ ಅನ್ನುತ್ತೇವಲ್ಲ, ಇದೂ ಹಾಗೇ. ಪ್ಲಾಸ್ಟಿಕ್ ಚೀಲಕ್ಕೆ 2020ರ ಜುಲೈನಿಂದ ದುಡ್ಡು ಕೊಡಬೇಕಾದ್ದರಿಂದ ಈ ಪ್ರಶ್ನೆ ದಿನಾ ಬರುತ್ತದೆ. ಬೇಕಿದ್ದರೆ ‘ಒನೆಗಾಯ್ ಶಿಮಾಸು’ ಅನ್ನಿ.

ಎಷ್ಟೋ ವಾರ್ಡುಗಳಲ್ಲಿ ಸ್ವಯಂಸೇವಕರು ನಡೆಸುವ ಜಪಾನಿ ತರಗತಿಗಳಿವೆ, ಫೀಸು ತೀರಾ ಕಮ್ಮಿ. ಅಲ್ಲಿ ‘ಈ ಪದದ ಅರ್ಥವೇನು’ ಅಂತ ಕೇಳಬೇಡಿ, ‘ಇದನ್ನು ಯಾವುದರ ಜೊತೆ ಹೇಳುತ್ತೀರಿ’ ಅಂತ ಕೇಳಿ. ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲೂ ಪದವನ್ನು ವಾಕ್ಯದಲ್ಲಿ ಸರಿಯಾಗಿ ಬಳಸಿರುವುದು ಎಲ್ಲಿ ಅಂತ ಆರಿಸುವ ಪ್ರಶ್ನೆಗಳಿರುತ್ತವೆ. ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ. ಅರ್ಜಿ ಮಾತ್ರ ತಿಂಗಳುಗಟ್ಟಲೆ ಮೊದಲೇ ಹಾಕಬೇಕು.