ಗೂಡು ಸಣ್ಣದಾದರೂ ಅಡ್ಡಿಲ್ಲ, ಅಂಗಳಕ್ಕೆ ಮಾಡು ಬೇಕು: ಕರಾವಳಿ ಮಳೆಯಲ್ಲಿ ಕೋಳಿ ಸಾಕಿದ ಅನುಭವ

ಘಟ್ಟದ ಕೆಳಗೆ ಹಿತ್ತಲಲ್ಲಿ ಕೋಳಿ ಸಾಕುವವರು ಇರುವ ದುಡ್ಡನ್ನೆಲ್ಲ ಗೂಡಿಗೆ ಹಾಕುತ್ತಾರೆ. ಗೋಡೆ ಗಟ್ಟಿ, ಬಾಗಿಲು ಗಟ್ಟಿ, ಮೇಲೊಂದು ಬೀಗ. ಕೋಳಿ ಓಡಾಡುವ ಅಂಗಳಕ್ಕೆ ಮಾತ್ರ ನಾಲ್ಕು ಗೂಟ ನೆಟ್ಟು ಬಲೆ ಸುತ್ತಿ ಕೈ ತೊಳೆದುಕೊಳ್ಳುತ್ತಾರೆ. ಜೂನ್ ಅರ್ಧ ಕಳೆಯುವುದರೊಳಗೆ ಆ ಅಂಗಳ ಕೆಸರುಗದ್ದೆ. ಕೋಳಿ ಹೊರಗೆ ಇಳಿಯುವುದಿಲ್ಲ, ಇಡೀ ದಿನ ಗೂಡಿನಲ್ಲೇ ನಿಂತು ನೆಲಕ್ಕೆ ಹಾಸಿದ ಹೊಟ್ಟನ್ನು ಒದ್ದೆ ಮಾಡುತ್ತದೆ. ಜುಲೈಗೆ ಮರಿಗಳಿಗೆ ರಕ್ತಭೇದಿ ಶುರು.

ನಾನು ಈ ಲೆಕ್ಕವನ್ನೇ ತಿರುಗಿಸಿದೆ. ಮಲಗುವ ಗೂಡು ಸಣ್ಣದು, ಅದರ ಎರಡರಷ್ಟು ಜಾಗಕ್ಕೆ ಮಾಡು (ಛಾವಣಿ) ಹೊದಿಸಿದ ಅಂಗಳ. "ಕೋಳಿ ಕೆದಕುವ ಜಾಗಕ್ಕೆ ಯಾರಾದರೂ ಶೀಟು ಹಾಕುತ್ತಾರಾ ಮಾರಾಯಾ, ದುಡ್ಡು ಹೆಚ್ಚಾಯಿತಾ?" ಎಂದವರೇ ಜಾಸ್ತಿ. ಅಂಕೋಲಾ, ಕುಮಟಾ ಕಡೆಯ ದೊಡ್ಡ ಮಳೆಗಳನ್ನು ದಾಟಿ ಅದು ನಿಂತಿದೆ. ಹಾಗೆ ಕೇಳಿದವರಲ್ಲಿ ಇಬ್ಬರು ಈಗ ಅದೇ ಅಳತೆಯಲ್ಲಿ ಕಟ್ಟಿಸಿದ್ದಾರೆ.

ಡೀಪ್ ಲಿಟರ್‌ನಲ್ಲಿ (ನೆಲಕ್ಕೆ ಹೊಟ್ಟು ದಪ್ಪಗೆ ಹಾಸಿ ಸಾಕುವ ಕ್ರಮದಲ್ಲಿ) ದೊಡ್ಡ ಕೋಳಿಯೊಂದಕ್ಕೆ 2 ಚದರ ಅಡಿ ಎಂಬ ಮಾಮೂಲಿ ಅಳತೆ ಬಯಲುಸೀಮೆಗೆ ಸರಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳಿಗೆ ಕೋಳಿಗೆ ಎಷ್ಟು ಒಣ ನೆಲ ಸಿಗುತ್ತದೆ ಎಂದು ನೋಡಬೇಕು. ನನ್ನ ಅಳತೆ: ಗೂಡಿನಲ್ಲಿ ತಲಾ ಎರಡೂವರೆ, ಮಾಡಿನ ಅಂಗಳದಲ್ಲಿ ಐದು, ಒಟ್ಟು ಏಳೂವರೆ ಚದರ ಅಡಿ. ಇದಲ್ಲದೆ ಬಿಸಿಲುಗಾಲಕ್ಕೆ ತೆರೆದ ಬಯಲು ತಲಾ 40 ಚದರ ಅಡಿ, ಅದೂ ಎರಡು ಪಾಲಾಗಿ. ಒಂದು ಪಾಲಿನಲ್ಲಿ ಕೋಳಿ ಇರುವಾಗ ಇನ್ನೊಂದರಲ್ಲಿ ಹುಲ್ಲು ಚಿಗುರುತ್ತದೆ, ಜಂತುಹುಳದ ಕಾಟವೂ ಇಳಿಯುತ್ತದೆ.

ಸುಮಾರು 30 ಕೋಳಿಗೆ ಮೊದಲು ಕಟ್ಟಿದ್ದು 10 ಅಡಿ ಅಗಲ, 24 ಅಡಿ ಉದ್ದ. ಎಂಟೆಂಟು ಅಡಿಯ ಮೂರು ಅಂಕಣ. ಪಡುವಣ ತುದಿಯ ಒಂದು ಅಂಕಣ ಗೂಡು, ಉಳಿದೆರಡು ಅಂಗಳ. ನಮ್ಮಲ್ಲಿ ಮಳೆ ಬರುವುದು ಪಡುವಣ, ನೈಋತ್ಯದಿಂದ. ಆದ್ದರಿಂದ ಉದ್ದ ಪೂರ್ವ–ಪಶ್ಚಿಮಕ್ಕೆ, ಅಗಲ ಕಡಿಮೆ ಇರುವ ಬದಿ ಗಾಳಿಗೆ ಎದುರು, ಆ ಒಂದು ಬದಿಗೆ ಮಾತ್ರ ಮಾಡಿನವರೆಗೂ ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ. ಪೂರ್ವದ ಬದಿಗೆ ಕಲ್ಲು ಕಟ್ಟಲೇಬೇಡಿ, ಅಲ್ಲಿ ಬರೀ ಜಾಲರಿ ಇರಲಿ. ಹಿಂಡು ಬೆಳೆದಾಗ ಬಿಚ್ಚುವುದು ಆ ಬದಿಯನ್ನೇ.

ಮಾಡಿನ ಸೂರು ಎರಡೂ ಬದಿಗೆ ಮೂರೂವರೆ ಅಡಿ ಹೊರಗೆ. ಎರಡಡಿ ಬಿಟ್ಟು ಉಳಿತಾಯ ಮಾಡಿದ ಗೂಡುಗಳಲ್ಲೆಲ್ಲ ಎರಚಲು ಒಳಗಿನ ಅರ್ಧ ಹೊಟ್ಟನ್ನು ತೋಯಿಸುತ್ತದೆ. ಸೂರು ಸೇರಿ ಮಾಡಿನ ಅಗಲ 17 ಅಡಿ, ಹಾಗೆಂದರೆ ಸುಮಾರು 38 ಚದರ ಮೀಟರ್. ಮೂರು ಮೀಟರ್ ಮಳೆಗೆ ಆ ಮಾಡಿನಿಂದ ಇಳಿಯುವ ನೀರು ಒಂದು ಲಕ್ಷ ಲೀಟರ್ ದಾಟುತ್ತದೆ. ಅಷ್ಟೂ ನೀರು ಗೋಡೆಬುಡದಲ್ಲೇ ಬಿದ್ದರೆ ಯಾವ ನೆಲವೂ ಒಣಗಿರುವುದಿಲ್ಲ. ಸೂರಿನ ನೇರಕ್ಕೆ ಒಂದಡಿ ಅಗಲದ ಕಾಲುವೆ ತೋಡಿ, ಚಿರೆಕಲ್ಲಿನ ಚೂರು ತುಂಬಿ, ತಗ್ಗಿಗೆ ಹರಿಯಬಿಡಬೇಕು. ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆ ಕಟ್ಟಿ ನೀರು ಹಿಡಿಯಲು ನೋಡಿದ್ದೂ ಉಂಟು. ಜೋರು ಮಳೆಗೆ ದಂಬೆ ತುಂಬಿ ಚೆಲ್ಲುತ್ತದೆ. ಆರಿಂಚಿನ ಪಿವಿಸಿ ಪೈಪು ಸೀಳಿ ಕಟ್ಟಿದರೆ ತಾಳುತ್ತದೆ.

ಗೂಡಿನ ಮೇಲೆ ಹಳೇ ಮಂಗಳೂರು ಹಂಚು, ಅಂಗಳದ ಮೇಲೆ ಶೀಟು. ಏಪ್ರಿಲ್–ಮೇ ಸೆಕೆಗೆ ಶೀಟಿನ ಕೆಳಗೆ ಮಲಗಿದ ಕೋಳಿ ರಾತ್ರಿಯೂ ಬಾಯಿ ತೆರೆದೇ ಇರುತ್ತದೆ, ಹಂಚಿನ ಕೆಳಗೆ ಆ ತೊಂದರೆ ಇಲ್ಲ. ಹಳೇ ಮನೆ ಕೆಡವುವಲ್ಲಿ ಹಂಚು ಅಗ್ಗಕ್ಕೂ ಸಿಗುತ್ತದೆ. ಆದರೆ ಕಬ್ಬೆಕ್ಕು (ಪುನುಗು ಬೆಕ್ಕಿನ ಜಾತಿಯ ಕಾಡುಪ್ರಾಣಿ) ಹಂಚು ಸರಿಸಿ ಇಳಿಯುತ್ತದೆ. ಹಂಚಿನ ಕೆಳಗೆ, ರೀಪಿನ ಮೇಲೆ ಜಾಲರಿ ಹಾಸದೆ ಹಂಚು ಹೊದಿಸಬೇಡಿ. ಅಂಗಳದ ಶೀಟಿನ ಮೇಲೆ ತೊಂಡೆ ಬಳ್ಳಿ ಹಬ್ಬಿಸಿದರೆ ಮಧ್ಯಾಹ್ನ ಕೆಳಗೆ ನಿಲ್ಲಬಹುದು.

ಗಾಳಿಯ ವಿಷಯದಲ್ಲಿ ಸ್ವಲ್ಪ ಹಟ ಮಾಡಿಯೇ ಹೇಳುತ್ತೇನೆ. ಮಳೆಗೆ ಪರದೆ ಕಟ್ಟುವಾಗ ಎಲ್ಲರೂ ತಾಡಪಾಲನ್ನು ಮೇಲಿನಿಂದ ಕೆಳಗೆ ಇಳಿಬಿಡುತ್ತಾರೆ. ಆಗ ಹಿಕ್ಕೆಯ ಗಾಟು ಒಳಗೇ ನಿಲ್ಲುತ್ತದೆ, ಕೋಳಿಗೆ ಕಣ್ಣುರಿ, ಶೀತ. ತಾಡಪಾಲಿನ ಕೆಳ ಅಂಚನ್ನು ಉದ್ದದ ಬದಿಯ ಗಿಡ್ಡಗೋಡೆಗೆ ಬಿಗಿದು, ಹಗ್ಗದಿಂದ ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಎಷ್ಟೇ ಎಳೆದರೂ ಮಾಡಿನ ಕೆಳಗೆ ಒಂದಡಿ ತೆರೆದೇ ಉಳಿಯಬೇಕು. ಕೂತ ಕೋಳಿಯ ಮೈಗೆ ಗಾಳಿ ಹೊಡೆಯುವುದಿಲ್ಲ, ತಲೆಯ ಮೇಲಿನಿಂದ ಗಾಟು ಹೊರಗೆ ಹೋಗುತ್ತದೆ. ಶಿರಸಿ ಕಡೆ ಡಿಸೆಂಬರ್ ಚಳಿಗೂ ಇದೇ ಸಾಕು, ಆ ಒಂದಡಿ ಮುಚ್ಚುವುದು ಬೇಡ.

ಕೂರುವ ಕೋಲು ತಲಾ ಎಂಟಿಂಚು. 30 ಕೋಳಿಗೆ ಎಂಟಡಿಯ ಮೂರು ಕೋಲು ಧಾರಾಳ. ಮೂರೂ ಒಂದೇ ಎತ್ತರದಲ್ಲಿರಬೇಕು. ಮೆಟ್ಟಿಲ ಹಾಗೆ ಕಟ್ಟಿದರೆ ಮೇಲಿನ ಕೋಲಿಗೆ ದಿನಾ ಸಂಜೆ ಜಗಳ. ಎತ್ತರ ಎರಡಡಿ ಮೀರಬಾರದು. ಗಿರಿರಾಜ ತಳಿಯ ಹುಂಜ ಮೂರು ಮೂರೂವರೆ ಕಿಲೋ ತೂಗುತ್ತದೆ, ಮೇಲಿನಿಂದ ಧುಮುಕಿದರೆ ಅಂಗಾಲು ಒಡೆದು ಕೀವಾಗುತ್ತದೆ. ಮೊಟ್ಟೆಗೂಡು ಕೋಲಿಗಿಂತ ತಗ್ಗಿನಲ್ಲಿರಲಿ, ಎತ್ತರದಲ್ಲಿದ್ದರೆ ಕೋಳಿ ಅದರಲ್ಲೇ ಮಲಗಿ ಹೊಲಸು ಮಾಡುತ್ತದೆ. ಐದು ಹೇಂಟೆಗೆ ಒಂದರಂತೆ, ಒಂದಡಿ ಚೌಕದ್ದು ಸಾಕು.

ಇನ್ನು ಜಾಲರಿ. ದುಡ್ಡು ಹೋದದ್ದು ಇಲ್ಲೇ. ಆರು ಮೂಲೆಯ ತೆಳ್ಳಗಿನ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ಹೊರಗಿನದನ್ನು ತಡೆಯುವುದಿಲ್ಲ. ನಾಯಿ ಹಲ್ಲಿನಲ್ಲಿ ಹರಿಯುತ್ತದೆ. ಉಪ್ಪುಗಾಳಿಗೆ ಎರಡನೇ ಮಳೆಗಾಲದ ಹೊತ್ತಿಗೆ ಬೆರಳಲ್ಲಿ ಮುರಿಯುವಷ್ಟು ತುಕ್ಕು. ಮೊದಲು ಕಟ್ಟಿದ ಸುರುಳಿ ಪೂರ್ತಿ ಹೀಗೆ ಹೋಯಿತು, ಸುಮಾರು ನಾಲ್ಕು ಸಾವಿರದ ಮಾಲು. ಈಗ ಇರುವುದು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್, ಮೇಲೆ ಪಿವಿಸಿ ಲೇಪನ ಇರುವುದು. ಕತ್ತರಿಸಿದ ತುದಿಗಳಿಗೆ ಅವತ್ತೇ ಪೇಂಟು ಹಚ್ಚಬೇಕು, ತುಕ್ಕು ಏಳುವುದು ಅಲ್ಲಿಂದ. ದುಡ್ಡು ಸಾಲದಿದ್ದರೆ ಕೆಳಗಿನ ಮೂರಡಿಗಾದರೂ ಇದನ್ನು ಹಾಕಿ ಮೇಲೆ ಒಂದಿಂಚು ಕಣ್ಣಿನದು ಹಾಕಿ. ಮುಂಗುಸಿಗೆ ತಲೆ ತೂರುವಷ್ಟು ಸಂದಿ ಸಿಕ್ಕರೆ ಮೈ ತಾನೇ ಬರುತ್ತದೆ. ಮಳೆಗೆ ಮರ ಉಬ್ಬಿ, ಬೇಸಿಗೆಗೆ ಒಣಗಿ, ಬಾಗಿಲ ಕೆಳಗೆ ಆಗುವ ಸಂದಿಯೇ ಅದಕ್ಕೆ ಬೇಕಾದಷ್ಟು.

ಮಣ್ಣು ಬಗೆದು ಬರುವವಕ್ಕೆ ಜಾಲರಿಯನ್ನು ಆಳಕ್ಕೆ ಹೂಳುವುದು ದಂಡ, ನಮ್ಮ ಕೆಂಪುಮಣ್ಣಿನಲ್ಲಿ ಹೂತ ಕಬ್ಬಿಣ ಬೇಗ ತಿಂದುಹೋಗುತ್ತದೆ. ಗೋಡೆಬುಡದಿಂದ ಹೊರಕ್ಕೆ ಎರಡಡಿ ಅಗಲ ಜಾಲರಿಯನ್ನು ನೆಲದ ಮೇಲೇ ಚಾಪೆ ಹಾಸಿದ ಹಾಗೆ ಮಲಗಿಸಿ, ಮೇಲೆ ಚಿರೆಕಲ್ಲಿನ ಚೂರು ಹೇರಿ. ನಾಯಿ, ನರಿ ಬಗೆಯುವುದು ಗೋಡೆಬುಡದಲ್ಲೇ, ಎರಡಡಿ ಹಿಂದೆ ಸರಿದು ಬಗೆಯುವುದಿಲ್ಲ. ತುಕ್ಕು ಹಿಡಿದರೆ ಆ ತುಂಡೊಂದನ್ನು ಬದಲಿಸಿದರಾಯಿತು.

ಉರುಲು, ವಿಷದ ದಾರಿ ಬೇಡವೇ ಬೇಡ. ಮುಂಗುಸಿ, ಕಬ್ಬೆಕ್ಕು, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಜಾಲರಿ ಸರಿಯಿದ್ದರೆ ಅವು ಎರಡು ದಿನ ಸುತ್ತಿ ಬೇರೆ ಕಡೆ ಹೋಗುತ್ತವೆ.

ತೆರೆದ ಬಯಲಿನ ಮೇಲೆ ಗಿಡುಗ, ಕಾಗೆಗೆ ಮೀನಿನ ಹಳೇ ಬಲೆ. ಬಂದರಿನ ಕಡೆ ಕೇಳಿದರೆ ಹರಿದ ನೈಲಾನ್ ಬಲೆ ಬಿಡಿಗಾಸಿಗೆ ಸಿಗುತ್ತದೆ, ಉಪ್ಪಿಗೂ ಮಳೆಗೂ ಜಗ್ಗುವುದಿಲ್ಲ. ಬಿಗಿದು ಕಟ್ಟಬಾರದು, ನಡುವೆ ತುಸು ಜೋತಿರಬೇಕು. ಬಿಗಿ ಬಲೆಯ ಮೇಲೆ ತೆಂಗಿನ ಮಡಲು ಬಿದ್ದರೆ ಗೂಟವೇ ಕಿತ್ತು ಬರುತ್ತದೆ. ಬದಿಗೆ ಈ ಬಲೆಯನ್ನು ನಂಬಬೇಡಿ, ಮುಂಗುಸಿ ಕಡಿದು ಒಳಗೆ ಬರುತ್ತದೆ.

ನೆಲಕ್ಕೆ ಬರೋಣ. ಗೂಡಿನ ನೆಲ ಹೊರಗಿಗಿಂತ ಒಂದೂವರೆ ಅಡಿ ಎತ್ತರ, ಹೆಗ್ಗಣಕ್ಕಾಗಿ ಸಿಮೆಂಟು. ಅಂಗಳದ ನೆಲ ಮುಕ್ಕಾಲು ಅಡಿ ಎತ್ತರ, ಚಿರೆಕಲ್ಲಿನ ಮಣ್ಣು ಬಡಿದದ್ದು. ಗೂಡಿಗೆ ಭತ್ತದ ಹೊಟ್ಟು ನಾಲ್ಕಿಂಚು, ಅಂಗಳಕ್ಕೆ ಅಡಿಕೆ ಸಿಪ್ಪೆ ಮತ್ತು ದರಕು (ಒಣಗಿ ಉದುರಿದ ಎಲೆ) ಸೇರಿ ಆರಿಂಚು. ಹೊಟ್ಟನ್ನು ಏಪ್ರಿಲ್‌ನಲ್ಲೇ ತಂದು ಚೀಲದಲ್ಲಿ ಕಟ್ಟಿಡಬೇಕು. ಜೂನ್‌ನಲ್ಲಿ ಸಿಗುವ ಹೊಟ್ಟು ತರುವಾಗಲೇ ತಂಡಿ ಹಿಡಿದಿರುತ್ತದೆ. ವಾರಕ್ಕೊಮ್ಮೆ ಬುಡಮೇಲು ಮಾಡಿ, ಒಂದು ಹಿಡಿ ಹಿಂಡಿ ನೋಡಿ. ಉಂಡೆ ಕಟ್ಟಿ ನಿಂತರೆ ತೇವ ಹೆಚ್ಚಾಗಿದೆ, ಬಿಟ್ಟ ಕೂಡಲೇ ಉದುರಿದರೆ ಸರಿ. ತೇವ ಹೆಚ್ಚಿದರೆ 100 ಚದರ ಅಡಿಗೆ ಒಂದು ಕಿಲೋ ಆಸುಪಾಸು ಸುಣ್ಣದ ಪುಡಿ. ಸುಣ್ಣ ಬಿದ್ದೊಡನೆ ಹಸಿ ಹಿಕ್ಕೆಯಿಂದ ಗಾಟು ಏಳುತ್ತದೆ, ಆ ಹೊತ್ತು ಕೋಳಿಗಳನ್ನು ಅಂಗಳಕ್ಕೆ ಅಟ್ಟಿ ಕೆದಕಿ ಬಿಡಬೇಕು.

ಹೊಟ್ಟು ಒದ್ದೆಯಾದರೆ ಎಲ್ಲರೂ ಮಾಡು ಸೋರುತ್ತದೆಯೇ ಎಂದು ಮೇಲೆ ನೋಡುತ್ತಾರೆ. ಹೆಚ್ಚಿನ ಸಲ ಕಾರಣ ಕುಡಿಯುವ ನೀರಿನ ಪಾತ್ರೆ. ನೀರನ್ನು ಗೂಡಿನೊಳಗೆ ಇಡಲೇಬಾರದು. ಅಂಗಳದ ಮೂಲೆಯಲ್ಲಿ ಎರಡಡಿ ಚೌಕದ ಜಾಲರಿ ಮಣೆ, ಅದರ ಮೇಲೆ ಪಾತ್ರೆ, ಚೆಲ್ಲಿದ್ದು ಕೆಳಗಿನ ಕಲ್ಲುಚೂರಿಗೆ. ಇಷ್ಟೇ ಬದಲಾವಣೆಗೆ ಹೊಟ್ಟು ಬದಲಿಸುವ ಖರ್ಚು ಅರ್ಧಕ್ಕಿಳಿಯಿತು.

ಬೇರೆ ಹಾಸನ್ನೂ ಹಾಕಿ ನೋಡಿದ್ದಾಗಿದೆ. ಸಮುದ್ರದ ಮರಳಿನ ಉಪ್ಪು ಗಾಳಿಯ ತೇವವನ್ನೇ ಎಳೆದುಕೊಂಡು ಸದಾ ಒದ್ದೆ. ತೆಂಗಿನ ನಾರಿನ ಪುಡಿ ಬೇಸಿಗೆಗೆ ಚೆನ್ನ, ಮಳೆಗಾಲದಲ್ಲಿ ನೀರು ಕುಡಿದು ಹಿಡಿದೇ ಇಡುತ್ತದೆ. ಅಡಿಕೆ ಸಿಪ್ಪೆ ಕೊಳೆಯುವುದು ನಿಧಾನ, ನಡುವೆ ಗಾಳಿಯಾಡುತ್ತದೆ, ನಮ್ಮ ಜಿಲ್ಲೆಗೆ ಅದನ್ನು ಮೀರಿಸಿದ್ದಿಲ್ಲ. ದರಕಿನ ಜೊತೆ ಇನ್ನೊಂದು ಸೊಪ್ಪು ಬೆರೆಸುತ್ತೇನೆ, ಕೋಳಿ ಹೇನಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಹೆಸರು ಸದ್ಯ ನನ್ನಲ್ಲೇ ಇರಲಿ.

ಅಡಿಕೆ ಮರ ಸೀಳಿದ ದಬ್ಬೆಯ ಅಟ್ಟದ ನೆಲವೂ ಮಾಡಿ ನೋಡಿದ್ದಾಯಿತು. ಹಿಕ್ಕೆ ಕೆಳಗೆ ಬೀಳುತ್ತದೆ, ಗೂಡು ಶುದ್ಧ. ಆದರೆ ದಬ್ಬೆಯ ತಿರುಳಿನ ಬದಿ ಎರಡು ಮಳೆಗೆ ಮೆತ್ತಗಾಗುತ್ತದೆ, ಕಟ್ಟಿನ ಸಂದಿಯಲ್ಲಿ ಹೇನು ಸೇರುತ್ತದೆ. ಮೈಲುತುತ್ತದ ನೀರಿನಲ್ಲಿ ಅದ್ದಿ ಪೂರ್ತಿ ಒಣಗಿಸಿದ ದಬ್ಬೆ ಇನ್ನೊಂದು ಮಳೆ ಹೆಚ್ಚಿಗೆ ಬಂತು. ಆದರೂ ನಾನು ಅದನ್ನು ಕೂರುವ ಕೋಲಿಗಾಗಲಿ ಮೇವಿನ ಹತ್ತಿರವಾಗಲಿ ಬಳಸುವುದಿಲ್ಲ, ಮೈಲುತುತ್ತ ಕೋಳಿಯ ಹೊಟ್ಟೆಗೆ ಹೋಗಬಾರದು. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಾಗಲೂ ಅಷ್ಟು ದಿನ ಕೋಳಿ ತೋಟಕ್ಕಿಳಿಯದ ಹಾಗೆ ನೋಡಿಕೊಳ್ಳಿ. ಕೋಳಿ ಸಿಡುಬು ಸೊಳ್ಳೆಯಿಂದ ಹರಡುತ್ತದೆಂದು ಗೂಡಿಗೆ ಸೊಳ್ಳೆಪರದೆ ಕಟ್ಟಿದರೆ ಧೂಳು ಹಿಡಿದು ಗಾಳಿ ನಿಲ್ಲುತ್ತದೆ, ಗಾಟು ಹೆಚ್ಚುತ್ತದೆ. ತಿಂಗಳೊಳಗೆ ಬಿಚ್ಚಿದೆ, ಸಿಡುಬಿಗೆ ಲಸಿಕೆಯೇ ಸರಿ.

ಖರ್ಚು ನೆನಪಿನಿಂದ ಹೇಳುತ್ತಿದ್ದೇನೆ. ಚಿರೆಕಲ್ಲು 300ರ ಹತ್ತಿರ, 13–14 ಸಾವಿರ. ಕೆಲಸದವರಿಗೆ 12. ಸಿಮೆಂಟು ಕಂಬ ಎಂಟು, ಮೂರೂವರೆ ಸಾವಿರ ಆಸುಪಾಸು. ಕಬ್ಬಿಣದ ಪೈಪು ಅಗ್ಗವೆನಿಸಿದರೂ ನೆಲಮಟ್ಟದಲ್ಲಿ ತುಕ್ಕು ತಿನ್ನುತ್ತದೆ. ಹಂಚು, ಶೀಟು, ಅದರ ಮರ ಸೇರಿ 24. ಜಾಲರಿ 12. ಬಾಗಿಲು, ಮೊಟ್ಟೆಗೂಡು, ಸಣ್ಣಪುಟ್ಟ ಸೇರಿ ಒಟ್ಟು 70 ಸಾವಿರ. ಬರೀ ಗೂಡು ಕಟ್ಟಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು. ಆದರೆ ಹಿಂದೆ ಮಳೆಗಾಲದ ಮರಿಗಳಲ್ಲಿ ಮೂರರಲ್ಲೊಂದು ಪಾಲು ಕೈಬಿಡುತ್ತಿತ್ತು, ಈಗ ಇಪ್ಪತ್ತರಲ್ಲಿ ಒಂದೋ ಎರಡೋ. ಹೇಂಟೆಗಳು ಜುಲೈಯಲ್ಲೂ ಮೊಟ್ಟೆ ನಿಲ್ಲಿಸುವುದಿಲ್ಲ, ಆ ದಿನಗಳಲ್ಲೇ ಊರ ಮೊಟ್ಟೆಗೆ ರೇಟು. ವರ್ಷಕ್ಕೆ 30 ಚೀಲದ ಹತ್ತಿರ ಒಳ್ಳೆ ಗೊಬ್ಬರವೂ ಅಡಿಕೆ ಬುಡಕ್ಕೆ ಸಿಗುತ್ತದೆ.

ಹಿಂಡು 50 ಮುಟ್ಟಿದಾಗ ಹೊಸ ಗೂಡು ಕಟ್ಟಬೇಕಾಗಲಿಲ್ಲ. ಪೂರ್ವದ ಜಾಲರಿ ಬಿಚ್ಚಿ ಎರಡು ಅಂಕಣ ಸೇರಿಸಿ, ಅಂಗಳದ ಮೊದಲ ಅಂಕಣವನ್ನು ಗೂಡಿಗೆ ಕೊಟ್ಟದ್ದಷ್ಟೆ. ಗೂಡು 160 ಚದರ ಅಡಿ, ಅಂಗಳ 240, ತೆರೆದ ಬಯಲಿಗೆ ಅದೇ ಅಳತೆಯ ಮೂರನೇ ಪಾಲು. ಹೊಸ ಗೂಡಿನಷ್ಟು ಖರ್ಚು ಬರಲಿಲ್ಲ, ಕಂಬ, ಶೀಟು, ಗಿಡ್ಡಗೋಡೆ ಮಾತ್ರ ಹೊಸದು. ಕೆಲಸ ಮಾರ್ಚ್‌ನಲ್ಲಿ ಶುರುವಾಗಿ ಮೇ ಹದಿನೈದರೊಳಗೆ ನೆಲ ಬಡಿದು ಮುಗಿಯಬೇಕು, ಒಣಗದ ನೆಲದ ಮೇಲೆ ಹಾಸು ಹಾಕಿದರೆ ಬುಡದಿಂದ ಬೂಸಲು ಬರುತ್ತದೆ.

ಹೊರಗಿನಿಂದ ತಂದ ಕೋಳಿ ಮೊದಲ ಮೂರು ವಾರ ಮನೆಯ ಇನ್ನೊಂದು ದಿಕ್ಕಿನಲ್ಲಿರಲಿ, ಅವಕ್ಕೆ ಬೇರೆ ಪಾತ್ರೆ, ನೋಡಿಕೊಳ್ಳುವುದೂ ಕೊನೆಗೆ. ಆಮೇಲೆ ಅಂಗಳದ ಕೊನೆಯ ಅಂಕಣಕ್ಕೆ ಅಡ್ಡ ಜಾಲರಿ ಕಟ್ಟಿ ಎರಡು ವಾರ ಅಲ್ಲಿ, ಒಂದನ್ನೊಂದು ನೋಡುತ್ತಿರಲಿ, ಮುಟ್ಟದಿರಲಿ. ಕತ್ತಲಾದ ಮೇಲೆ ಎತ್ತಿ ಹಳಬರ ನಡುವೆ ಕೋಲಿನ ಮೇಲೆ ಕೂರಿಸಿ. ಮರುದಿನ ಬೆಳಿಗ್ಗೆ ಮೇವು ಎರಡು ಕಡೆ ಇಟ್ಟು, ಬಾಗಿಲನ್ನು ಎಂದಿಗಿಂತ ಮೊದಲೇ ತೆಗೆಯಿರಿ. ಆದರೂ ಒಂದೇ ಹೇಂಟೆಯನ್ನು ಎಲ್ಲವೂ ಸೇರಿ ಕುಕ್ಕುತ್ತಿದ್ದರೆ ಕುಕ್ಕಿಸಿಕೊಂಡದ್ದನ್ನು ತೆಗೆಯಬೇಡಿ, ಕುಕ್ಕಲು ಶುರುಮಾಡಿದ ಹೇಂಟೆಯನ್ನು ಮೂರು ದಿನ ಬುಟ್ಟಿಯಡಿ ಹಾಕಿಡಿ. ವಾಪಸು ಬಿಟ್ಟಾಗ ಅದರ ಜೋರು ಇಳಿದಿರುತ್ತದೆ.