ಎಂಟಡಿ ಡಿಶ್‌ನಲ್ಲಿ ಮಂಗಳದ ಸಿಗ್ನಲ್: ನನ್ನ ಅನುಭವ

ಮಂಗಳ ಸುತ್ತುವ ನೌಕೆಯ ಸಿಗ್ನಲ್ ಹಿಡಿಯೋಕೆ ಬ್ಯಾಲಾಳುವಿನ ಇಸ್ರೋ ಕೇಂದ್ರದ 32 ಮೀಟರ್ ಡಿಶ್ಶೇ ಬೇಕು, ಸೋಮವಾರಪೇಟೆಯ ಕಾಫಿ ಕಣದಲ್ಲಿ ಆಗೋ ಕೆಲಸ ಅಲ್ಲ ಅಂತ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೇ ಹೇಳಿದ್ದರು. 2025ರ ಜನವರಿಯಲ್ಲಿ ಎಂಟಡಿ ಜಾಲರಿ ಡಿಶ್‌ನಲ್ಲೇ ಹಿಡಿದೆ. ನಾಸಾದ ಮಾರ್ಸ್ ರಿಕನೈಸನ್ಸ್ ಆರ್ಬಿಟರ್, 8439 ಮೆಗಾಹರ್ಟ್ಸ್.

ಡಿಶ್ ಗುಜರಿಯಲ್ಲಿ ಸಾವಿರದೈನೂರಕ್ಕೆ ಸಿಕ್ಕಿತು. ದುಡ್ಡು ನುಂಗಿದ್ದು ಉಳಿದ ಸಾಮಾನು. ಮೊದಲ ಎಲ್‌ಎನ್‌ಎ (ಕ್ಷೀಣ ಸಿಗ್ನಲ್ ಹಿಗ್ಗಿಸೋ ಆಂಪ್ಲಿಫೈಯರ್) ಏಪ್ರಿಲ್ ಸಿಡಿಲಿಗೆ ಹೋಯಿತು. ಎರಡನೆಯದು ಮಳೆಗಾಲದಲ್ಲಿ ಫೀಡ್ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಕೊಳವೆ) ಒಳಗೆ ತೇವ ಹಿಡಿದು ಸತ್ತಿತು. ಫ್ರೀಕ್ವೆನ್ಸಿ ಇಳಿಸೋಕೆ ತರಿಸಿದ ಮಿಕ್ಸರ್ ಬೋರ್ಡ್ ಬರುವಾಗಲೇ ಕೆಟ್ಟಿತ್ತು, ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ. ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ. ಆಗಿನ ರೇಟಿಗೆ ಹೆಚ್ಚುಕಮ್ಮಿ ನಾಲ್ಕು ಚೀಲ ರೊಬಸ್ಟಾ ಚೆರಿ.

ಡಿಶ್ ದೊಡ್ಡದು ಮಾಡು ಅಂತ ಎಲ್ಲರೂ ಅಂದರು. ನನ್ನ ಲೆಕ್ಕವೇ ಬೇರೆ. ನೌಕೆಯಲ್ಲಿ 100 ವ್ಯಾಟ್, 3 ಮೀಟರ್ ಆಂಟೆನಾ ಇದೆ. ಮಂಗಳ ಆಗ ಹತ್ತು ಕೋಟಿ ಕಿ.ಮೀ. ಒಳಗಿತ್ತು. ಸಿಗ್ನಲ್‌ಗೆ ಕೊರತೆ ಇರಲಿಲ್ಲ, ರಿಸೀವರ್‌ಗೆ ಫ್ರೀಕ್ವೆನ್ಸಿ ಕೊಡೋ ಆಸಿಲೇಟರ್ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಚಳಿ ಏರಿದ ಹಾಗೆ ಅದು ಜರುಗುತ್ತಿದ್ದರೆ ಎಫ್‌ಎಫ್‌ಟಿ (ಸಿಗ್ನಲನ್ನು ಫ್ರೀಕ್ವೆನ್ಸಿವಾರು ಬಿಡಿಸೋ ಲೆಕ್ಕ) ಕೂಡಿಸಿ ಏನು ಪ್ರಯೋಜನ? ಜಿಪಿಎಸ್‌ಗೆ ಲಾಕ್ ಆದ, ಅಲುಗದ 10 ಮೆಗಾಹರ್ಟ್ಸ್ ಸಿಗ್ನಲನ್ನು ಅದಕ್ಕೆ ಆಧಾರವಾಗಿ ಕೊಟ್ಟೆ. ಜರುಗಾಟ ನಿಂತು ನೌಕೆಯ ಚಲನೆಯಿಂದ ಆಗೋದು ಮಾತ್ರ ಉಳಿಯಿತು.

ಫೀಡ್‌ಗೆ 25 ಮಿ.ಮೀ. ಒಳಅಳತೆಯ ತಾಮ್ರದ ಪೈಪು. ಪೋಲರೈಸೇಷನ್‌ಗೆ (ರೇಡಿಯೋ ಅಲೆ ತಿರುಗುವ ಬಗೆಗೆ) ಹೊಂದಿಸೋಕೆ ಸ್ಕ್ರೂ ಹಾಕಿದೆ. ಎಷ್ಟು ಒಳಕ್ಕೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಚಂದ್ರನನ್ನು ಸಿಲ್ವರ್ ಓಕ್ ಸಂದಿಯಿಂದ ನೋಡಿದೆ. ಎಲೆ ಅಡ್ಡ ಬಂದರೆ ನಾಯ್ಸ್ (ರೇಡಿಯೋ ಗದ್ದಲ) ಇಳಿಯಬೇಕು ಅನ್ನಿಸುತ್ತೆ ಅಲ್ವಾ? ಏರಿತು! ಖಾಲಿ ಆಕಾಶಕ್ಕಿಂತ ಎಲೆ ಎಷ್ಟೋ ಬಿಸಿ, ಅದೇ ನಾಯ್ಸ್ ಸೂಸುತ್ತೆ. ಮಂಗಳ ಮಧ್ಯರಾತ್ರಿ ನೆತ್ತಿಯ ಹತ್ತಿರ ಇದ್ದುದರಿಂದ ಮರದ ಕಾಟ ತಪ್ಪಿತು.

ಬೀಮ್, ಅಂದರೆ ಡಿಶ್ ನೋಡೋ ಆಕಾಶದ ಅಗಲ, ಸುಮಾರು ಒಂದು ಡಿಗ್ರಿ. ಆಕಾಶ ನಾಲ್ಕು ನಿಮಿಷಕ್ಕೆ ಅಷ್ಟು ಸರಿಯುತ್ತೆ. ಟಾರ್ಪಲ್ ಹೊದಿಸಿದ ಕಾಫಿ ರಾಶಿಯ ಪಕ್ಕ ಕಂಬಳಿ ಹೊದ್ದು, ನನ್ನ ತಮ್ಮ ಡಿಶ್ ತಿರುಗಿಸೋ ಆಕ್ಚುಯೇಟರ್ ಬಟನ್ ಒತ್ತುತ್ತಾ ಕೂತ.

ಕಂಪ್ಯೂಟರ್ ಪರದೆ ಮೇಲೆ ಸಿಗ್ನಲ್‌ನ ಗೆರೆ ಬಂತು. ಲೋಕಲ್ ಸ್ಪರ್ (ನಮ್ಮದೇ ಸಾಮಾನಿಂದ ಹುಟ್ಟೋ ಸುಳ್ಳು ಸಿಗ್ನಲ್) ಇರಬೇಕು ಅಂದರು ಗೆಳೆಯರು. ಸ್ಪರ್ ಹೀಗೆ ಬಾಗುತ್ತಾ? ಹತ್ತಾರು ಕಿಲೋಹರ್ಟ್ಸ್ ಸರಿದು ಫಕ್ಕನೆ ಮಾಯವಾಯಿತು. ನೌಕೆ ಮಂಗಳದ ಹಿಂದೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಸುತ್ತಿಗೆ 112 ನಿಮಿಷದ ಲೆಕ್ಕ ಸರಿಯಾಗಿ ಕೂಡಿತು. ದೂರದ ನೌಕೆಗಳ ದಾರಿ ಅಳೆಯುವುದೂ ಇದೇ ಡಾಪ್ಲರ್‌ನಿಂದ, ಅಂದರೆ ಚಲನೆಯಿಂದ ಫ್ರೀಕ್ವೆನ್ಸಿ ಸರಿಯೋದರಿಂದ. ರೆಕಾರ್ಡಿಂಗ್ ಕಳಿಸಿದ ಮೇಲೆ ಯಾರೂ ತಕರಾರು ಎತ್ತಲಿಲ್ಲ.

2027ರ ಫೆಬ್ರವರಿಯಲ್ಲಿ ಮಂಗಳ ಮತ್ತೆ ಹತ್ತಿರ ಬರುತ್ತೆ. ಆಗ ಮುಖ್ಯ ಗೆರೆಯ ಅಕ್ಕಪಕ್ಕದ, ಡೇಟಾ ಹೊತ್ತ ಸೈಡ್‌ಬ್ಯಾಂಡ್ ಹಿಡಿಯಬೇಕು. ಅದಕ್ಕೆ ಮಾತ್ರ ಇನ್ನೂ ದೊಡ್ಡ ಡಿಶ್ ಬೇಕು. ಕೊಡಗಿನಲ್ಲಿ ಯಾರ ತಾರಸಿ ಮೇಲಾದರೂ ಹನ್ನೆರಡಡಿಯದು ತುಕ್ಕು ಹಿಡಿಯುತ್ತಿದ್ದರೆ ತಿಳಿಸಿ, ಜೀಪು ನಾನೇ ತರುತ್ತೇನೆ.